ಶ್ರುತಿಪೆಟ್ಟಿಗೆಯೊಳಗಿನ ದನಿ

ಸದಾನಂದ, ವಾರಿಜ ನನ್ನ ಬಳಿ ಹೇಳಿದ್ದಳು. ಅಂದು ನೀನು ಕೇಳಿದಾಗ ಇಲ್ಲ ಎಂದೆ – ಅದು ಸುಳ್ಳು. ನಿನ್ನ ಹೆಂಡತಿಯ ಮನಸ್ಸು ಕದಡುತ್ತಿದೆ ಎಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ನನಗೆ. ತಿಳಿದ ಮೇಲೂ ನಾನು ನಿಲ್ಲಿಸಲಿಲ್ಲ.

ಶಾಲೆಯಲ್ಲಿ ಪಿ.ಟಿ. ಕಲಿಸಿ ನಿವೃತ್ತಳಾದ ಮೇಲೆ ನಾನು ಡೊಂಬಿವಲಿಯ ನಿಮ್ಮ ಮನೆಯಿಂದ, ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ, ಖಾರಘರದ ಸಂಗೀತ ಚಿಕಿತ್ಸೆಯ ಕೋರ್ಸಿಗೆ ಹೋಗುತ್ತಿದ್ದೆನಲ್ಲ. ಎಳೆಯರ ನಡುವೆ ಮೊದಲ ಬೆಂಚು ನನ್ನದು. "ಅಕ್ಕ ಇನ್ನು ಮನಸ್ಸಿಗೂ ಕವಾಯತು ಮಾಡಿಸ್ತಾಳೆ" ಎಂದು ನೀನು ನಗುತ್ತಿದ್ದೆ.

ವಾರಿಜಳ ತಾಯಿ ಉಡುಪಿಯಲ್ಲಿ ತೀರಿಕೊಂಡು ಕೆಲವು ತಿಂಗಳಾಗಿತ್ತು. ಕೊನೆಗೆ ಮುಖ ನೋಡಲಾಗಲಿಲ್ಲವೆಂದು ಅವಳಿಗೆ ನಿದ್ದೆ ಇರಲಿಲ್ಲ. ಅದೇ ಹೊತ್ತಿಗೆ ಕೋರ್ಸಿನಲ್ಲಿ ನಮಗೊಂದು ಅಭ್ಯಾಸ ಕೊಟ್ಟರು: ಒಬ್ಬರನ್ನು ಆರಿಸಿಕೊಂಡು ದಿನವೂ ಒಂದೇ ಹೊತ್ತಿಗೆ ಶ್ರುತಿಪೆಟ್ಟಿಗೆಯ ನಾದ ಕೇಳಿಸಬೇಕು, ಕಂಡದ್ದನ್ನು ತರಗತಿಯಲ್ಲಿ ಹೇಳಬೇಕು. ದೀಪ ಹಚ್ಚಿದ ಮೇಲೆ ಅವಳನ್ನು ಒಳಕೋಣೆಯಲ್ಲಿ ಕೂರಿಸಿ, ಫ್ಯಾನ್ ಆರಿಸಿ, ಪೆಟ್ಟಿಗೆಯ ಸ್ವಿಚ್ ಒತ್ತುತ್ತಿದ್ದೆ. ನಿದ್ದೆ ಬರತೊಡಗಿತು. ನೀನೇ ಹೊಗಳಿದೆ.

ಆಮೇಲೊಂದು ಸಂಜೆ ಅವಳು ಕಣ್ಣು ತೆರೆಯದೆಯೇ ಹೇಳಿದಳು, "ಅಕ್ಕ, ಇದರೊಳಗಿಂದ ಅಮ್ಮ ಕರೀತಾರೆ. ಬಾ ಅಂತಾರೆ."

ದನಿ ಕೇಳಿಸಿತೆಂದರೆ ಕೂಡಲೇ ನಿಲ್ಲಿಸಿ, ಮನೆಯವರಿಗೆ ತಿಳಿಸಿ, ಡಾಕ್ಟರ ಬಳಿ ಕಳಿಸಬೇಕು – ನಮ್ಮ ಟೀಚರು ಮೊದಲ ಪಾಠದಲ್ಲೇ ಎಚ್ಚರಿಸಿದ್ದರು. ನಾನು ಮರೆತಿರಲಿಲ್ಲ. ಅಡಗಿದ ದುಃಖ ಹೊರಗೆ ಬರುತ್ತಿದೆ ಎಂದು ನನಗೆ ನಾನೇ – ಇಲ್ಲ, ಅದೂ ಅಲ್ಲ. ಶುರು ಮಾಡಿದ ಕವಾಯತನ್ನು ನಡುವೆ ಬಿಟ್ಟವಳಲ್ಲ ನಾನು. ಮತ್ತೆ, ತರಗತಿಯಲ್ಲಿ ಬೇರೆ ಯಾರಿಗೂ ಇಷ್ಟು ಫಲ ಕಂಡಿರಲಿಲ್ಲ.

"ಉತ್ತರ ಕೊಡು," ಎಂದೆ.

ಕೊಡತೊಡಗಿದಳು. ತುಳುವಿನಲ್ಲಿ, ಮಗುವಿನ ದನಿಯಲ್ಲಿ. ಬಾಗಿಲ ಬಳಿ ಕೂತ ನಾನು ಗಡಿಯಾರ ನೋಡುತ್ತಿದ್ದೆ. ಹೊತ್ತು ಮುಗಿಯುವ ತನಕ ಸ್ವಿಚ್ ಮುಟ್ಟಲಿಲ್ಲ. ತರಗತಿಯಲ್ಲಿ ಆ ದನಿಯ ಸುದ್ದಿ ಎತ್ತಲಿಲ್ಲ – ಆಳವಾದ ಶಾಂತಿ ಎಂದೆ. ಚಪ್ಪಾಳೆ ಬಿತ್ತು.

ಅದೇ ವಾರ ಅವಳು ಬರಿಗಾಲಲ್ಲಿ ಮನೆ ಬಿಟ್ಟಳು. ಮುಂಬ್ರಾದ ಆಚೆ, ಹಳಿಯ ಪಕ್ಕದಲ್ಲಿ ಖಾಡಿಯ ಹಿನ್ನೀರಿನ ಕಡೆಗೆ ನಡೆಯುತ್ತಿದ್ದವಳನ್ನು ಪೊಲೀಸರು ತಡೆದು ಕೂರಿಸಿದ್ದರು. ಆಸ್ಪತ್ರೆಯಲ್ಲಿ ನೀನು ಕೇಳಿದೆ, "ಅಕ್ಕ, ಮೊದಲು ನಿನ್ನತ್ರ ಏನಾದರೂ ಹೇಳಿದ್ಳಾ?"

"ಇಲ್ಲ ಮಾರಾಯ," ಎಂದೆ.

ಡಾಕ್ಟರಿಗೆ ನೀನು ಅದನ್ನೇ ಹೇಳಿದೆ – ಒಮ್ಮೆಲೇ ಆದದ್ದು ಎಂದು. ನಡೆಸುವ ಹೋಟೆಲ್ ಬಿಟ್ಟು ಹೊರಡಲಾಗದೆ ಅವಳನ್ನು ತಡವಾಗಿ ಊರಿಗೆ ಕರೆದೊಯ್ದ ನಿನ್ನದೇ ತಪ್ಪೆಂದು ಈಗಲೂ ನಂಬಿದ್ದೀಯ. ಆ ಭಾರವನ್ನು ನಿನ್ನ ಮೇಲೆ ಬಿಟ್ಟು, ಇಷ್ಟು ವರ್ಷ ನಿನ್ನ ಮನೆಯಲ್ಲೇ ಹೊತ್ತು ಹೊತ್ತಿಗೆ ಉಂಡೆ.

ಪೆಟ್ಟಿಗೆಯನ್ನು ಅಂದೇ ಒಡೆದು ಕಸಕ್ಕೆ ಹಾಕಿದ್ದೆ. ಅವಳು ಸುಧಾರಿಸಿದ್ದಾಳೆ, ನಾಳೆಯಿಂದ ಡಾಕ್ಟರು ಮಾತ್ರೆ ಕಡಿಮೆ ಮಾಡುತ್ತಾರೆ ಎಂದು ನೀನು ಸಂತೋಷದಲ್ಲಿದ್ದೀಯ. ಆದರೆ ನೀನು ಹೋಟೆಲಿನಲ್ಲಿರುವಾಗ, ದೀಪ ಹಚ್ಚಿದ ಮೇಲೆ, ಒಳಕೋಣೆಯ ಫ್ಯಾನ್ ಆರುತ್ತದೆ. ನಿನ್ನೆ ಬಾಗಿಲು ತಳ್ಳಿ ನೋಡಿದೆ. ಗೋಡೆಯ ಕಡೆ ತಿರುಗಿ ಕೂತಿದ್ದಳು, ತುಟಿ ಅಲುಗುತ್ತಿತ್ತು. ನನ್ನನ್ನು ಕಂಡು, ಹೇಳಿದ ಮಾತು ಕೇಳುವ ವಿದ್ಯಾರ್ಥಿನಿಯಂತೆ ಮೆಲ್ಲಗೆ ಅಂದಳು:

"ಉತ್ತರ ಕೊಡ್ತಾ ಇದ್ದೇನೆ ಅಕ್ಕ."

ನಾಳೆ ಡಾಕ್ಟರ ಬಳಿ ನಾನೂ ಬರುತ್ತೇನೆ. ಅವರ ಎದುರಲ್ಲೇ ನೀನು ಅಂದಿನ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳು.