ಪೋರ್ಟೊಗೆ ಹೊರಡುವ ಮೊದಲು ಬರೆದ ನಾಲ್ಕು ಪುಟ

ವೀಸಾ ಸಿಗದೇ ಹೋಗಬಹುದಿತ್ತು. ಸಿಕ್ಕರೂ ಅದರಲ್ಲಿ ನನ್ನ ಹೆಸರಿನ ಒಂದಕ್ಷರ ಆಚೀಚೆಯಾಗಿ, ವಿಮಾನ ನಿಲ್ದಾಣದ ಗಾಜಿನ ಗೂಡಿನೊಳಗೆ ಕೂತವರು ‘ಇದು ನೀವಲ್ಲ’ ಎಂದುಬಿಡಬಹುದಿತ್ತು. ಮಂಗಳೂರಿಗೆ ಹೋಗುವ ದಾರಿಯಲ್ಲಿ, ಶಿರಾಲಿಯ ಹತ್ತಿರ, ತೆಂಗಿನಕಾಯಿ ತುಂಬಿದ ಲಾರಿಯೊಂದು ಮಗುಚಿ ಹೆದ್ದಾರಿ ಬಂದಾಗಿ, ನಾವು ಕಾರಿನಲ್ಲಿ ಕೂತಲ್ಲೇ ವಿಮಾನ ತಪ್ಪಬಹುದಿತ್ತು. ದುಬೈಯಲ್ಲೊಮ್ಮೆ, ಲಿಸ್ಬನ್ನಿನಲ್ಲಿ ಇನ್ನೊಮ್ಮೆ ವಿಮಾನ ಬದಲಿಸುವಾಗ ಹೆಂಡತಿ ಒಂದು ಬಾಗಿಲಿಗೂ ನಾನು ಇನ್ನೊಂದು ಬಾಗಿಲಿಗೂ ಹೋಗಬಹುದಿತ್ತು. ನಾವು ಒಂದು ದೇಶದಲ್ಲಿ, ನಮ್ಮ ಪೆಟ್ಟಿಗೆ ಮತ್ತೊಂದು ದೇಶದಲ್ಲಿ ಇಳಿಯಬಹುದಿತ್ತು. ಆ ಪೆಟ್ಟಿಗೆಯೊಳಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಒಡೆದು, ನಾಯಿಗಳನ್ನು ಹಿಡಿದ ಪೊಲೀಸರು ಬರಬಹುದಿತ್ತು. ಸೊಪ್ಪಿನ ಸಾರೆಂದು ನಂಬಿ ಕುಡಿದದ್ದರ ತಳದಲ್ಲಿ ಹಂದಿಮಾಂಸದ ತುಂಡು ಸಿಗಬಹುದಿತ್ತು. ಆ ಊರಿನ ಮೆಟ್ಟಿಲುಗಳಲ್ಲಿ ನನ್ನ ಎಡಮಂಡಿ ಮುಷ್ಕರ ಹೂಡಬಹುದಿತ್ತು. ವೈನು ಕುಡಿದು ನಾನು ಪರದೇಶದ ಬೀದಿಯಲ್ಲಿ ನಿಂತು ಹದಿನೇಳರ ಮಗ್ಗಿ ಹೇಳಬಹುದಿತ್ತು. ವೈನು ಕುಡಿದು ಹೆಂಡತಿ, ಇಪ್ಪತ್ತಾರು ವರ್ಷಗಳಿಂದ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಹೇಳಬಹುದಿತ್ತು. ಹೊನ್ನಾವರದ ಮನೆಯಲ್ಲಿ ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂಬುದು ಅಟ್ಲಾಂಟಿಕ್ ದಡದಲ್ಲಿ ನಿಂತಾಗಲೇ ನೆನಪಾಗಬಹುದಿತ್ತು.

ಇವು ಮೊದಲ ಪುಟದವು. ಒಟ್ಟು ನಾಲ್ಕು ಪುಟ. ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಮಾರ್ಜಿನ್ ಎಳೆದು, ಕ್ರಮಸಂಖ್ಯೆ ಹಾಕಿ ಬರೆದಿದ್ದೆ. ಬಲಗಡೆ ‘ಪರಿಹಾರ’ ಎಂಬ ಕಾಲಮ್ಮೂ ಇತ್ತು. ಅದರಲ್ಲಿ ಹೆಚ್ಚಿನ ಕಡೆ ಏನೂ ಬರೆದಿರಲಿಲ್ಲ.

ಇಂಥ ಪಟ್ಟಿಗಳಿಂದ ನಾನು ಈವರೆಗೆ ಮೂರು ಪ್ರವಾಸಗಳನ್ನು ಯಶಸ್ವಿಯಾಗಿ ರದ್ದುಪಡಿಸಿದ್ದೇನೆ. ಕಾಶ್ಮೀರವನ್ನು ಹಿಮಕ್ಕೆ ಹೆದರಿ. ಅಂಡಮಾನನ್ನು ಸಮುದ್ರಕ್ಕೆ ಹೆದರಿ. ಅದೂ ಮನೆಯ ಹಿತ್ತಲಿನಿಂದ ಸಮುದ್ರದ ಸದ್ದು ಕೇಳಿಸುವ ಊರಿನಲ್ಲಿ ಐವತ್ತಮೂರು ವರ್ಷ ಕಳೆದ ಮೇಲೆ. ಊಟಿಯನ್ನು ಏಕೆ ಬಿಟ್ಟೆವು ಎಂಬುದು ಈಗ ನನಗೆ ನೆನಪಿಲ್ಲ. ಹೆಂಡತಿಗೆ ನೆನಪಿದೆ. ಮಂಗಗಳ ಕಾರಣದಿಂದಂತೆ.

ಪೋರ್ಚುಗಲ್ಲಿನ ಪೋರ್ಟೊ ಅವಳ ಆಸೆ. ಅವಳು ಕುಮಟಾದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಬೆಳಿಗ್ಗೆ ಅಡುಗೆ ಮುಗಿಸಿ ಬಸ್ಸು ಹಿಡಿಯುತ್ತಾಳೆ, ಸಂಜೆ ಬಸ್ಸಿಳಿದು ಅಡುಗೆ ಶುರು ಮಾಡುತ್ತಾಳೆ. ಒಂದು ದಿನ ಲೈಬ್ರರಿಗೆ ಬಂದ ಪ್ರವಾಸದ ಪತ್ರಿಕೆಯೊಂದರಲ್ಲಿ ಆ ಊರಿನ ಚಿತ್ರ ನೋಡಿದಳು. ನದಿಯ ದಡದಲ್ಲಿ ಒಂದು ಮೇಜು. ಅವಳದೇ ವಯಸ್ಸಿನ ಹೆಂಗಸೊಬ್ಬಳು ಕಾಲು ಚಾಚಿ ಕೂತಿದ್ದಾಳೆ. ಮುಂದೆ ಬ್ರೆಡ್ಡು, ಚೀಸು, ಒಂದು ಗ್ಲಾಸು ಕೆಂಪು ವೈನು. ಆ ಪುಟವನ್ನು ಜೆರಾಕ್ಸ್ ಮಾಡಿಸಿ ತಂದು, ಆವತ್ತೇ ಸಂಜೆ ತಂಬುಳಿಗೆ ಮಜ್ಜಿಗೆ ಕಡೆಯುತ್ತಾ ನಮ್ಮ ಮನೆಮಾತಿನಲ್ಲಿ ಹೇಳಿದಳು; ಅದರಲ್ಲಿ ‘ಆನು’ ಎಂದರೆ ನಾನು, ‘ಹೋಪವು’ ಎಂದರೆ ಹೋಗಬೇಕು.

“ಇಲ್ನೋಡಿ, ಆನು ಈ ಊರಿಗೆ ಹೋಪವು ಹೇಳಿ ಮಾಡಿದ್ದೆ.”

“ಅಲ್ಲಿ ಎಂತ ಕೆಲಸ ನಿಂಗೆ?”

“ಉಂಬದು. ಬೇರೆಯವು ಅಡುಗೆ ಮಾಡವು, ಆನು ಕೂತ್ಕಂಡು ಉಣ್ಣವು. ಒಂದು ಗ್ಲಾಸು ವೈನೂ ಕುಡಿಯವು. ಒಂದೇ ಸಲ.”

“ಉಂಬಲೆ ಅಷ್ಟು ದೂರ ಎಂತಕ್ಕೆ? ಕುಮಟಾದಲ್ಲಿ ಹೋಟೆಲ್ ಇಲ್ಯಾ?”

“ಇದ್ದು. ಅಲ್ಲಿ ಉಣ್ಣುಲೆ ಕೂತ್ರೆ ನಾಕು ಟೇಬಲ್ಲಿಂದ ‘ಎಂತ ಮೇಡಂ, ಮನೇಲಿ ಅಡುಗೆ ಇಲ್ವಾ’ ಹೇಳಿ ಕೇಳ್ತ.”

ನಾನು ಬಾಯಿ ತೆರೆಯುವುದರೊಳಗೆ ಅವಳು ಕಡಗೋಲು ನಿಲ್ಲಿಸಿದಳು. “ನಿಂಗ ಬಪ್ಪದಾದ್ರೆ ಬನ್ನಿ. ಹೆದರಿ ಕೂತ್ರೆ ಈ ಸಲ ಆನು ನಿಲ್ತಿಲ್ಲೆ. ತಂಗಿ ಕರಕಂಡು ಹೋಗ್ತೆ.”

ಅವಳ ತಂಗಿ ಇರುವುದು ಇಲ್ಲೇ ಹತ್ತಿರದ ಊರು ಮಂಕಿಯಲ್ಲಿ. ಮಳೆಗಾಲದಲ್ಲೂ ಹೆದ್ದಾರಿಯ ಮೇಲೆ ಸ್ಕೂಟರ್ ಓಡಿಸುವ ಹೆಂಗಸು. ಅವರಿಬ್ಬರೂ ಹೋಗಿ, ಏನೊಂದೂ ತೊಂದರೆಯಿಲ್ಲದೆ ನಗುನಗುತ್ತಾ ತಿರುಗಿ ಬಂದುಬಿಟ್ಟರೆ ನನ್ನ ಇಷ್ಟು ವರ್ಷಗಳ ಚಿಂತೆಗೆ ಮರ್ಯಾದೆಯೇ ಉಳಿಯುತ್ತಿರಲಿಲ್ಲ. ಇನ್ನೂ ಒಂದು ಸಂಗತಿ ಇತ್ತು. ಆ ಜೆರಾಕ್ಸ್ ಚಿತ್ರವನ್ನು ನಾನು ಅವಳಿಲ್ಲದಾಗ ಮತ್ತೆ ಮತ್ತೆ ನೋಡಿದ್ದೆ. ಆ ಮೇಜಿನ ಎದುರಿಗೆ ಇನ್ನೊಂದು ಕುರ್ಚಿಯಿತ್ತು, ಖಾಲಿ. ಅದರಲ್ಲಿ ಅವಳ ತಂಗಿ ಕೂರುವುದು ನನಗೆ ಅಷ್ಟು ಸರಿ ಕಾಣಲಿಲ್ಲ.

ಹಾಗಾಗಿ ಒಪ್ಪಂದವಾಯಿತು. ನಾನು ಪಟ್ಟಿ ಬರೆಯಬಹುದು, ಓದಿ ಹೇಳಬಾರದು. ಒಂದು ಚಿಂತೆ ಬಾಯಿಂದ ಬಿದ್ದರೂ ನನ್ನ ಕುರ್ಚಿ ತಂಗಿಗೆ.

ಟಿಕೆಟ್ಟು, ವೀಸಾ ಇವೆಲ್ಲ ನಮ್ಮ ಕಡೆಯವರಿಗೆ ಗೊತ್ತಿಲ್ಲದಿದ್ದರೂ ಭಟ್ಕಳದವರಿಗೆ ನೀರು ಕುಡಿದಷ್ಟು ಸಲೀಸು. ಅಲ್ಲಿ ಮನೆಗೊಬ್ಬರು ಗಲ್ಫಿನಲ್ಲಿರುತ್ತಾರೆ. ಬಜಾರಿನ ಮೇಲುಪ್ಪರಿಗೆಯಲ್ಲಿ ಆಫೀಸಿಟ್ಟಿದ್ದ ಏಜೆಂಟರೊಬ್ಬರ ಹತ್ತಿರ ಹೋದೆ. ಬಿಳಿ ಗಡ್ಡದ, ಯಾವುದಕ್ಕೂ ಗಡಿಬಿಡಿ ಮಾಡದ ಮನುಷ್ಯ.

“ಬನ್ನಿ ಸರ್, ಕೂತ್ಕೊಳ್ಳಿ. ದುಬೈಯಾ, ಸೌದಿಯಾ?”

“ಪೋರ್ಚುಗಲ್.”

ಪೆನ್ನು ನಿಂತಿತು. “ನೌಕರಿ ಆಯ್ತಾ ಅಲ್ಲಿ?”

“ಇಲ್ಲ. ಊಟಕ್ಕೆ.”

“ಊಟಕ್ಕಾ!” ಅವರು ಕುರ್ಚಿಗೆ ಒರಗಿದರು. “ಭಟ್ಕಳದ ಬಿರಿಯಾನಿ ಬಿಟ್ಟು ಅಲ್ಲಿ ತನಕ?”

“ನಾವು ಸಸ್ಯಾಹಾರಿಗಳು.”

ಅವರು ನನ್ನನ್ನು ಕರುಣೆಯಿಂದ ನೋಡಿದರು. “ಹಾಗಾದ್ರೆ ಅಲ್ಲಿ ಎಂತ ತಿಂತೀರಿ ಸರ್?”

ಅದು ನನ್ನ ಪಟ್ಟಿಯ ಹನ್ನೊಂದನೆಯ ಪ್ರಶ್ನೆ. ‘ಪರಿಹಾರ’ದ ಕಾಲಮ್ಮು ಖಾಲಿ. ವೈನಿನ ಮಾತನ್ನು ಅವರೆದುರು ಎತ್ತಲು ನಾಚಿಕೆಯಾಗಿ, “ಅಲ್ಲಿ ಹಣ್ಣಿನ ರಸ ಚಲೋ ಇರ್ತದಂತೆ. ದ್ರಾಕ್ಷಿದು” ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಮುಂದಿನ ಒಂದು ತಿಂಗಳಲ್ಲಿ ನಾನು ಅವರಿಗೆ ಎಷ್ಟು ಸಲ ಫೋನ್ ಮಾಡಿದೆನೆಂದರೆ, ಕೊನೆಕೊನೆಗೆ ಅವರು ‘ಹಲೋ’ ಎನ್ನುವುದನ್ನು ಬಿಟ್ಟು ನೇರವಾಗಿ “ಇನ್ನೂ ಬಂದಿಲ್ಲ ಸರ್” ಎನ್ನುತ್ತಿದ್ದರು.

ವೀಸಾದ ಫೋಟೋವನ್ನು ಕುಮಟಾದ ಸ್ಟುಡಿಯೊದಲ್ಲಿ ತೆಗೆಸಿದೆವು. ಹೆಂಡತಿಯದು ಒಂದೇ ಸಲಕ್ಕೆ ಬಂತು. ನನ್ನ ಮುಖದಲ್ಲಿ ಭಾವನೆ ಇರಬಾರದೆಂಬುದು ನಿಯಮ. ಸ್ಟುಡಿಯೊದವನು ಆರು ಸಲ ತೆಗೆದು, “ಹೆದರಬೇಡಿ ಮಾಸ್ತರೆ, ಇದು ಫೋಟೋ, ಎಕ್ಸ್‌ರೇ ಅಲ್ಲ” ಎಂದ.

ವೈನಿನ ಮಳಿಗೆಯಲ್ಲಿ ರುಚಿ ನೋಡುವುದಕ್ಕೆ ಮೊದಲೇ ಜಾಗ ಕಾದಿರಿಸಬೇಕಿತ್ತು. ಒಬ್ಬರಿಗೆ ಮೂರು ಗ್ಲಾಸು. ಇಬ್ಬರಿಗೆ ಆರು. ಆರು ಎಂಬ ಸಂಖ್ಯೆ ನೋಡಿಯೇ ನನ್ನ ನಡಿಗೆ ಓಲಾಡಿತು. ಆದರೆ ಚಿಂತೆಯನ್ನು ಬಾಯಿಬಿಡುವ ಹಾಗಿಲ್ಲ. “ಒಬ್ಬರದ್ದು ಮಾತ್ರ ಬುಕ್ ಮಾಡಿದ್ರೆ ಹೇಗೆ?” ಎಂದು, ಸುಮ್ಮನೆ ಹೊಳೆದದ್ದೆಂಬ ಹಾಗೆ ಹೆಂಡತಿಯನ್ನು ಕೇಳಿದೆ.

“ಎಂತಕ್ಕೆ?”

“ಎಂತಕ್ಕೂ ಅಲ್ಲ. ಹಂಚ್ಕಂಡು ಕುಡಿಯುಲೆ.”

ಅವಳು ನನ್ನ ಮುಖವನ್ನೇ ನೋಡಿದಳು. ಮುಖದಲ್ಲಿ ಭಾವನೆ ಇರದ ಹಾಗೆ ನೋಡಿಕೊಂಡೆ; ಸ್ಟುಡಿಯೊದ ಅಭ್ಯಾಸ ಕೈಹಿಡಿಯಿತು. “ಆತು,” ಎಂದಳು. “ಅರ್ಧ ಅರ್ಧ.”

ನಮ್ಮಿಬ್ಬರಲ್ಲಿ ಯಾರೂ ಅಲ್ಲಿಯವರೆಗೆ ವೈನಿನ ಹನಿ ಮುಟ್ಟಿದವರಲ್ಲ. ನಮ್ಮ ಪಕ್ಕದ ಮನೆಯವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಆ ಮನೆಯ ಯಜಮಾನಿ, ನಾವು ‘ಬಾಯಿ’ ಎಂದು ಕರೆಯುವವರು, ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಭರಣಿಯಲ್ಲಿ ದ್ರಾಕ್ಷಿ ಹಾಕಿಟ್ಟು ವೈನು ಮಾಡುತ್ತಾರೆ. ಹಬ್ಬದ ಮರುದಿನ ನಮಗೆ ಕೇಕು, ಕುಕ್ಕಿಸು ಎಂಬ ಕರಿದ ಸಿಹಿತಿಂಡಿ ಬರುತ್ತಿದ್ದವು, ವೈನು ಬರುತ್ತಿರಲಿಲ್ಲ. ಹೆಂಡತಿ ಬೇಲಿಯಾಚೆಗೆ ವಿಷಯ ತಿಳಿಸಿದ್ದೇ ತಡ, ಅವರು ನಮ್ಮಿಬ್ಬರನ್ನೂ ಒಂದು ರವಿವಾರ ಮಧ್ಯಾಹ್ನ ಜಗಲಿಯಲ್ಲಿ ಕೂರಿಸಿದರು.

“ಅರೆ ದೇವಾ, ಪರೀಕ್ಷೆಗೆ ಬಂದ ಹಾಗೆ ಕೂತಿದ್ದೀರಲ್ಲ ಮಾಸ್ತರೆ! ಕಾಲು ಬಿಟ್ಟು ಕೂತ್ಕೊಳ್ಳಿ.”

ಎರಡು ಸಣ್ಣ ಸ್ಟೀಲಿನ ಲೋಟ ಬಂದವು. ಹೆಂಡತಿ ಸಾವಕಾಶ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, “ಕೋಕಂ ಶರಬತ್ತಿಗೆ ಬುದ್ಧಿ ಬಂದ ಹಾಗಿದ್ದು” ಎಂದಳು. ನಾನು ಲೋಟ ಎತ್ತಿ ಹಿಡಿದು, ಬಾಯಿ ತೆರೆದು, ಮೇಲಿನಿಂದ ಸಪೂರ ಧಾರೆಯಾಗಿ ಗಂಟಲಿಗೆ ಬಿಟ್ಟುಕೊಂಡೆ. ಬೇರೆಯವರ ಮನೆಯ ಲೋಟಕ್ಕೆ ತುಟಿ ತಾಗಿಸಿ ಎಂಜಲು ಮಾಡಬಾರದೆಂದು ಚಿಕ್ಕಂದಿನಲ್ಲಿ ಅಮ್ಮ, ನಮ್ಮ ಆಯಿ, ಕಲಿಸಿದ್ದು. ನೀರಿರಲಿ, ಮಜ್ಜಿಗೆಯಿರಲಿ, ಮದುವೆಮನೆಯ ಕಷಾಯವಿರಲಿ, ನಾನು ಎತ್ತಿಯೇ ಕುಡಿಯುವವನು. ಒಂದು ಹನಿ ಆಚೆ ಬೀಳುವುದಿಲ್ಲ. ನನ್ನ ಬಾಳಿನಲ್ಲಿ ನಾನು ಹೆದರದೆ ಮಾಡುವ ಕೆಲಸ ಬಹುಶಃ ಅದೊಂದೇ.

ಪಕ್ಕದ ಮನೆಯ ಬಾಯಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. “ಅದು ವೈನು ಮಾಸ್ತರೆ, ಜ್ವರದ ಔಷಧಿ ಅಲ್ಲ! ಹಾಗೆ ಕುಡಿದ್ರೆ ರುಚಿ ಎಲ್ಲಿಂದ ಗೊತ್ತಾಗ್ತದೆ?”

“ಅವ್ಕೆ ರುಚಿ ಬ್ಯಾಡ, ಧೈರ್ಯ ಬೇಕು” ಎಂದಳು ಹೆಂಡತಿ. ಅವಳಿಗೆ ಇನ್ನೊಂದು ಲೋಟ ಬಂತು. ನನಗೆ ಅಮಲೇರಿತೋ ಎಂದು ನಾಡಿ ಹಿಡಿದು ಎಣಿಸಿದೆ. ಏರಿರಲಿಲ್ಲ. ಮೂವತ್ತೆರಡನೆಯ ಚಿಂತೆಗೆ ಅಡ್ಡಗೆರೆ ಎಳೆದೆ.

ಆಯಿಗೆ ಹೇಗೆ ಹೇಳುವುದೆಂಬುದು ಮೂವತ್ಮೂರನೆಯದು. ಅದಕ್ಕೊಂದು ಭಾಷಣವನ್ನೇ ಸಿದ್ಧ ಮಾಡಿಕೊಂಡು ಅಣ್ಣನ ಮನೆಗೆ ಹೋದೆ. ಆಯಿ ಪೂರ್ತಿ ಕೇಳಿಸಿಕೊಂಡು, “ಅಲ್ಲಿ ತೆಂಗಿನಕಾಯಿ ಸಿಗ್ತ?” ಎಂದು ಮಾತ್ರ ಕೇಳಿದಳು. ಸಿಗುವುದಿಲ್ಲವೇನೋ ಎಂದೆ. “ಹಂಗಾರೆ ಬೇಗ ಬಾ” ಎಂದಳು.

ಹೊರಡುವ ಮುಂಚಿನ ದಿನ ಭಟ್ಕಳದ ಏಜೆಂಟರು ಎಲ್ಲ ಕಾಗದಪತ್ರಗಳ ಕಂತೆ ಕೊಟ್ಟರು. ಮೇಲಿನ ಹಾಳೆಯೇ ಹೆಂಡತಿ ಪ್ರಿಂಟಿಗೆಂದು ಕಳಿಸಿದ್ದ ಬುಕಿಂಗು; ವೈನ್ ಟೇಸ್ಟಿಂಗ್ ಎಂದು ದಪ್ಪಕ್ಷರದಲ್ಲಿತ್ತು. ನಾನು ತಲೆ ತಗ್ಗಿಸಿದೆ. ಅವರು ಹಾಳೆ ಮಡಿಸಿ ಲಕೋಟೆಗೆ ಹಾಕುತ್ತಾ, “ಹಣ್ಣಿನ ರಸ ನಾಲ್ಕನೇ ದಿನ, ಹನ್ನೊಂದು ಗಂಟೆಗೆ ಉಂಟು ಸರ್. ತಡ ಮಾಡಬೇಡಿ” ಎಂದರು.

ಹೋದೆವು. ದಾರಿಯಲ್ಲಿ ಇಡಗುಂಜಿಯ ದೇವಸ್ಥಾನದ ಕಡೆಗೆ ತಿರುಗುವಲ್ಲಿ ಕಾರಿನೊಳಗಿಂದಲೇ ಕೈಮುಗಿದೆ. ಶಿರಾಲಿಯಲ್ಲಿ ಲಾರಿ ಮಗುಚಿರಲಿಲ್ಲ. ನಾನು ನಾನೇ ಎಂದು ಮೂರು ದೇಶದವರು ಒಪ್ಪಿದರು. ಪೆಟ್ಟಿಗೆ ನಮಗಿಂತ ಮೊದಲೇ ಬಂದು ಕಾಯುತ್ತಿತ್ತು, ಉಪ್ಪಿನಕಾಯಿ ಸಮೇತ. ಸೊಪ್ಪಿನ ಸಾರನ್ನು ಹಂದಿಯಿಲ್ಲದೆ ಮಾಡಿಕೊಡಿ ಎಂಬ ಚೀಟಿಯನ್ನು ಆ ಊರಿನ ಭಾಷೆಯಲ್ಲಿ ಬರೆಸಿಕೊಂಡು ಹೋಗಿದ್ದೆ. ಅದನ್ನು ಓದಿದ ಹೋಟೆಲಿನ ಮುದುಕಿ ನನ್ನ ಬೆನ್ನು ತಟ್ಟಿ, ಹಾಗೆಯೇ ಮಾಡಿಕೊಟ್ಟಳು. ಬ್ರೆಡ್ಡು, ಚೀಸು, ಹುರಿದ ಬಟಾಟೆ; ಜೊತೆಗೆ, ಒಳಗೆ ಮೊಟ್ಟೆ ಇದೆಯೆಂದು ಗೊತ್ತಿದ್ದೂ ಇಬ್ಬರೂ ಕೇಳದೆ ತಿಂದ ಹಳದಿ ಸಿಹಿ. ಮೂರು ದಿನ ಹೆಂಡತಿ ಕೂತಲ್ಲಿಗೆ ಊಟ ಬಂತು. ತಟ್ಟೆ ಎತ್ತಿಕೊಂಡು ಹೋಗುವಾಗಲೂ ಅವಳು ಏಳಲಿಲ್ಲ. ಮೊದಲ ದಿನ ಮಾತ್ರ ಅಭ್ಯಾಸಬಲದಿಂದ ಎದ್ದು, ಮತ್ತೆ ನೆನಪಾಗಿ ಕೂತಳು. ನನ್ನ ಎಡಮಂಡಿ ನೂರಾರು ಮೆಟ್ಟಿಲು ಹತ್ತಿಯೂ ತಕರಾರು ಮಾಡಲಿಲ್ಲ. ನನಗೇ ಮುಜುಗರವಾಗುವಷ್ಟು ಎಲ್ಲವೂ ಸರಿಯಾಗಿತ್ತು.

ನಾಲ್ಕನೇ ದಿನ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ವೈನಿನ ಮಳಿಗೆ ಮುಟ್ಟಿದೆವು. ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ಎದುರುದಡದ ಕಾಸರಕೋಡಿಗೆ ಹೋದ ಹಾಗೆ, ಊರಿನಿಂದ ಸೇತುವೆ ದಾಟಿ ಆಚೆ ದಡ. ಒಳಗೆ ತಂಪು, ಕತ್ತಲೆ, ಆಳೆತ್ತರದ ಪೀಪಾಯಿಗಳು, ಹಳೆಯ ಬೆಲ್ಲದ ಡಬ್ಬದಂಥ ಪರಿಮಳ. ಬಳಿಕ ಹೊರಗೆ ನದಿಗೆ ಎದುರಾಗಿ ಒಂದು ಮೇಜಿಗೆ ಕರೆದೊಯ್ದು ಕೂರಿಸಿದರು. ಎರಡು ಕುರ್ಚಿ. ಹೆಂಡತಿ ಕಾಲು ಚಾಚಿದಳು. ಕೆಲಸದ ಹುಡುಗಿ ಮೂರು ಗ್ಲಾಸುಗಳನ್ನು ಸಾಲಾಗಿ ಇಟ್ಟು, ಮೂಸಿ, ಆಡಿಸಿ, ಗುಟುಕರಿಸಿ ಎಂದು ತೋರಿಸಿಕೊಟ್ಟು ನಿಂತಳು.

“ಮೊದಲು ನಿಂಗ ಕುಡೀರಿ,” ಎಂದಳು ಹೆಂಡತಿ. “ನಿಂಗ ಉಳಿದ್ರೆ ಆನು ಕುಡಿತೆ.”

ಅವಳು ಒಂದು ವರ್ಷದಿಂದ ಕಾದ ಗ್ಲಾಸು ಅದು. ಅದರ ಅರ್ಧ ಅವಳದು. ನನ್ನ ಎಂಜಲನ್ನು ಅವಳಿಗೆ ಕುಡಿಸುವುದು ಚೆಂದವೆ? ಇದನ್ನು ಚಿಂತೆ ಎಂದು ಕರೆಯುವಂತಿಲ್ಲ. ಇಷ್ಟನ್ನೂ ಯೋಚಿಸಿ ಮುಗಿಸುವ ಮೊದಲೇ ಕೈ ತಾನಾಗಿಯೇ ಮೇಲಕ್ಕೆ ಹೋಯಿತು. ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಗ್ಲಾಸು ವಾಲಿಸಿದೆ. ಸ್ಟೀಲಿನ ಲೋಟಕ್ಕೆ ಧಾರೆ ಬಿಡಲು ಮಡಚಿದ ಅಂಚಿರುತ್ತದೆ. ದಪ್ಪ ಹೊಟ್ಟೆಯ, ಸಣ್ಣ ಬಾಯಿಯ ಆ ಗ್ಲಾಸಿನಿಂದ ವೈನು ಮೊದಲು ಬರಲೇ ಇಲ್ಲ. ಇನ್ನಷ್ಟು ವಾಲಿಸಿದೆ. ಆಗ ಒಟ್ಟಿಗೇ ಬಂತು: ಮೂಗಿಗೆ, ಮೀಸೆಗೆ, ಕುತ್ತಿಗೆಗೆ, ಪ್ರವಾಸಕ್ಕೆಂದೇ ಹೆಂಡತಿ ಆರಿಸಿ ತಂದ ಬಿಳಿ ಅಂಗಿಯ ಎದೆಗೆ.

ಕೆಲಸದ ಹುಡುಗಿ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಆಚೆ ಮೇಜಿನವರು ತಿರುಗಿದರು. ನಾನು ಹೆಂಡತಿಯ ಕಡೆ ನೋಡಿದೆ. ಮುಗಿಯಿತು, ನಾಲ್ಕನೆಯ ಪ್ರವಾಸವನ್ನೂ ಕೆಡಿಸಿದೆ ಎಂದುಕೊಂಡೆ.

ಅವಳು ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಭುಜ ಕುಣಿಯುತ್ತಿತ್ತು. ನಾನು ಕೆಮ್ಮಿ ಮುಗಿಸುವವರೆಗೂ ನಕ್ಕು, ಗ್ಲಾಸಿನ ತಳದಲ್ಲಿ ಉಳಿದದ್ದನ್ನು ತಾನು ಕುಡಿದು, ಎರಡನೆಯದನ್ನು ನನ್ನ ಕಡೆಗೆ ಸರಿಸಿದಳು.

“ಹೆದರಡಿ ಮಾರಾಯ್ರೆ. ಇದನ್ನ ಕಚ್ಚಿ ಕುಡೀರಿ. ಎಂಜಲಾದ್ರೆ ಆಗ್ಲಿ.”

ಅಂಗಿ ಈಗಲೂ ಇದೆ. ಪಕ್ಕದ ಮನೆಯ ಬಾಯಿ ಹೇಳಿದ ಹಾಗೆ ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕಿದ್ದಾಯಿತು. ಎದೆಯ ಮೇಲಿನ ಕಲೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತೇ ಹೊರತು ಹೋಗಲಿಲ್ಲ.