ಟ್ಯೂಬಿಗೆ ಹೊದಿಸಿದ ಹಳದಿ ಕಾಗದ

ನನ್ನ ಅಕ್ಕನ ಗಂಡ ಬಸಲಿಂಗಪ್ಪ ಮಾವನ ಕಣ್ಣಿಗೆ ಆ ವರ್ಷ ಏನೂ ಆಗಿರಲಿಲ್ಲ. ಆಗಿದೆ ಎಂದು ಅವರು ನಂಬುವಂತೆ ಮಾಡಿದವನು ನಾನು. ದೊಡ್ಡ ಪಿತೂರಿಯೇನಲ್ಲ, ಒಂದು ತುಂಡು ಬಣ್ಣದ ಕಾಗದ, ಒಂದು ಸಣ್ಣ ಸುಳ್ಳು. ಸಣ್ಣದು ಅನ್ನುತ್ತಲೇ ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದೆ—ಸಣ್ಣದಾಗಿದ್ದರೆ ಇಷ್ಟು ಭಾರ ಯಾಕೆ ಆಗಬೇಕಿತ್ತೋ.

ತೊಂಬತ್ತರ ದಶಕದ ನಡುವಿನ ಮಾತು. ಬೈಲಹೊಂಗಲದಲ್ಲಿ ನಮ್ಮದು ಸೀರೆ ವ್ಯಾಪಾರ. ಅಂಗಡಿ ಇರಲಿಲ್ಲ, ಹಳೆಯದೊಂದು ಪಿಕಪ್ ಗಾಡಿಯೇ ಅಂಗಡಿ. ರಾಮದುರ್ಗದ ನೇಕಾರರ ಮನೆಗಳಿಂದ ಸೀರೆ ತಂದು, ನೇಸರಗಿ, ಸಂಪಗಾಂವ, ಉಗರಗೋಳ ಅಂತ ಊರೂರು ತಿರುಗಿ, ಗಾಡಿಯ ಹಿಂದಿನ ಬಾಗಿಲು ಇಳಿಸಿ, ತಾಡಪತ್ರಿಯ ಕೆಳಗೆ ಹರವುತ್ತಿದ್ದೆವು. ಆರಿಸುವುದು, ಮಾರುವುದು ಮಾವನ ಕೆಲಸ. ಮಡಚುವುದು ಮತ್ತು ಚಿಂತಿಸುವುದು ನನ್ನದು. ಚಿಂತಿಸಲು ನನ್ನನ್ನು ಯಾರೂ ನೇಮಿಸಿರಲಿಲ್ಲ, ಆದರೂ ಅದರಲ್ಲೇ ನಾನು ಹೆಚ್ಚು ದುಡಿದೆ.

ಹೊಲದ ಕೆಲಸ ಮುಗಿಸಿ ಹೆಣ್ಣುಮಕ್ಕಳು ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಹಾಗಾಗಿ ಗಾಡಿಯ ಹಿಂಭಾಗಕ್ಕೆ ದೀಪ ಹಾಕಿಸಬೇಕೆಂದು ಮಾವ ನಿರ್ಧರಿಸಿದರು. ಗಾಡಿ ವೈರಿಂಗ್ ಮಾಡುವ ಮಿಸ್ತ್ರಿಯ ಅಂಗಡಿಗೆ ಹೋಗುವಾಗ ಒಂದು ಗಂಟು ಸೀರೆಯನ್ನೂ ಹೊತ್ತುಕೊಂಡು ಬಂದರು. ಮಿಸ್ತ್ರಿ ಒಂದೊಂದೇ ದೀಪ ಹಚ್ಚಿ ತೋರಿಸಬೇಕು, ಮಾವ ಅದರ ಕೆಳಗೆ ಸೀರೆ ಬಿಚ್ಚಿ ನೋಡಬೇಕು. ಲಾರಿಗೆ ಹಾಕುವ ಕೆಂಪು-ನೀಲಿ ಬಲ್ಬು ಹತ್ತಿದವು, ಆರಿದವು. ಕಣ್ಣು ಕುಕ್ಕುವ ಹ್ಯಾಲೋಜನ್ ಹತ್ತಿತು, ಆರಿತು. ಹಳದಿ ಬಲ್ಬು ಬಂದಾಗ ಮಾವ ಮುಖ ತಿರುವಿದರು.

"ಸಾವಕಾರ್ರ, ಇದು ಪಿಕಪ್ಪರಿ, ಮದಿವಿ ಮಂಟಪಲ್ಲ," ಅಂದ ಮಿಸ್ತ್ರಿ.

"ಹಗಲ ಹೆಂಗ ಕಾಣತೈತಿ, ಸಂಜಿಗೂ ಸೀರಿ ಹಂಗ ಕಾಣಬೇಕಪಾ. ಮನಿಗೆ ಒಯ್ದ ಮ್ಯಾಲ ಬಣ್ಣ ಬ್ಯಾರೆ ಆದ್ರ ಅದು ವ್ಯಾಪಾರಲ್ಲ, ಕಳುವು."

ಕೊನೆಗೆ ಬಸ್ಸಿನೊಳಗೆ ಇರುತ್ತದಲ್ಲ, ಪ್ಲಾಸ್ಟಿಕ್ ಮುಚ್ಚಳದ ಬಿಳಿ ಟ್ಯೂಬ್‌ಲೈಟು—ಅದು ಒಪ್ಪಿಗೆಯಾಯಿತು. ಬ್ಯಾಟರಿ ಇಳಿದು ಗಾಡಿ ದಾರಿಯಲ್ಲಿ ನಿಂತರೆ, ವೈರು ಸುಟ್ಟು ಸೀರೆಗೆ ಬೆಂಕಿ ಹತ್ತಿದರೆ ಎಂದೆಲ್ಲ ನಾನು ಕೇಳಿದೆ. ಮಿಸ್ತ್ರಿ ಮಾವನ ಕಡೆ ನೋಡಿ, "ಇವರಿಗೂ ಒಂದು ಫ್ಯೂಸ್ ಹಾಕ್ಲೇನ್ರಿ?" ಅಂದ.

ಮಳೆಗಾಲ ಬಂತು. ಬಿಳಿ ಬೆಳಕಿಗೆ ನಾಡಿನ ಹುಳವೆಲ್ಲ ನಮ್ಮ ಗಾಡಿಗೇ ಬರತೊಡಗಿತು. ಸೀರೆಯ ಮಡಿಕೆಯಲ್ಲಿ ಸಿಕ್ಕು ಕಲೆ ಮಾಡುತ್ತಿತ್ತು. ಹಳದಿ ಬೆಳಕಿಗೆ ಹುಳ ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ಮಾವನಿಗೆ ಹೇಳಿದರೆ—ಹಳದಿ ಅನ್ನುವ ಮಾತೇ ಅವರಿಗೆ ಆಗದು. ಒಂದು ಸಂತೆಯ ದಿನ ಅವರು ಚಹಾಕ್ಕೆ ಹೋದಾಗ ಟ್ಯೂಬಿನ ಮುಚ್ಚಳ ಬಿಚ್ಚಿ, ಒಳಗೆ ಮಿಠಾಯಿ ಡಬ್ಬಿಗೆ ಸುತ್ತುವ ಹಳದಿ ಗಾಜಿನ ಕಾಗದ ಹೊದಿಸಿ ಮತ್ತೆ ಮುಚ್ಚಿದೆ. ಹುಳ ಕಡಿಮೆಯಾಯಿತು, ನಿಜ. ಆದರೆ ಸ್ವಿಚ್ ಒತ್ತಿದ ಆ ಕ್ಷಣ ನಾನು ನೋಡಿದ್ದು ಹುಳವನ್ನಲ್ಲ. ಸೀರೆಗಳ ಜರಿಯೆಲ್ಲ ಬಂಗಾರವಾಗಿತ್ತು. ಸೆರಗು ಮುಟ್ಟಿದ ಹೆಂಗಸರು ಕೈ ಹಿಂದೆ ತೆಗೆಯಲೊಲ್ಲರು. ಆ ಸಂಜೆ ವ್ಯಾಪಾರ ಎಂದಿಗಿಂತ ಜೋರಾಯಿತು.

ಮಾವ ಬಂದು, ತಲೆ ಎತ್ತಿ ನೋಡಿ, ಕಣ್ಣು ಉಜ್ಜಿಕೊಂಡರು. "ಈರಣ್ಣಾ, ಬೆಳಕು ಹಳದಿ ಆದಂಗ ಆಗೇತಲ್ಲೋ?"

ಆಗ ಹೇಳಬಹುದಿತ್ತು. ಕಾಗದ ಕಿತ್ತು ತೋರಿಸಿ ಬೈಸಿಕೊಳ್ಳಬಹುದಿತ್ತು. ಬೈಗುಳ ಎಷ್ಟು ಹೊತ್ತಿನದು... ನಾನು ಅಂದೆ, "ಇಲ್ಲಲ್ರಿ ಮಾವಾರ. ನನಗೇನ ಹಂಗ ಕಾಣವಲ್ದು."

ಅವರು ಇನ್ನೊಮ್ಮೆ ನೋಡಿದರು. ಒಣಹಾಕಿದ ನೂಲಿನ ಲಡಿಯನ್ನು ಬೀದಿಯಿಂದಲೇ ನೋಡಿ "ಇದಕ್ಕ ಬಣ್ಣ ಹಿಡದಿಲ್ಲ" ಎನ್ನುತ್ತಿದ್ದ ಮನುಷ್ಯ, ನನ್ನ ಮಾತು ನಂಬಿ ತನ್ನ ಕಣ್ಣನ್ನು ಬಿಟ್ಟುಕೊಟ್ಟರು.

ಕಾಗದ ಹಾಗೇ ಇತ್ತು. ಕೆಲವು ಸಂತೆಗಳಾದ ಮೇಲೆ ನೇಸರಗಿಯಲ್ಲಿ, ಇನ್ನೂ ಬಿಸಿಲಿರುವಾಗಲೇ, ಒಬ್ಬ ಹೆಂಗಸು ಸೀರೆ ಹಿಡಿದುಕೊಂಡು ಬಂದಳು. ಬಸುರಿ ಮಗಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಹಸಿರು ಸೀರೆ ಒಯ್ದಿದ್ದಳು. ಕುಬಸಕ್ಕೆ ಹಸಿರೇ ಆಗಬೇಕು, ಬಳೆಯೂ ಹಸಿರು, ಸೀರೆಯೂ ಹಸಿರು. ನಮ್ಮ ದೀಪದಲ್ಲಿ ಹಸಿರನ್ನೇ ಆರಿಸಿ, ಮಡಿಕೆ ಬಿಚ್ಚದೆ ದೇವರ ಮುಂದಿಟ್ಟು, ಕುಬಸದ ಮುಂಜಾನೆ ತೆಗೆದು ನೋಡಿದರೆ ನವಿಲಿನ ಕೊರಳಿನಂಥ ನೀಲಿ.

"ಸಾವಕಾರ್ರ, ನಿಮ್ಮ ಕಡೆ ಇದಕ್ಕ ಹಸರ ಅಂತಾರೇನ್ರಿ?" ಎಂದು ಸೀರೆಯನ್ನು ಬಿಸಿಲಿಗೆ ಹಿಡಿದಳು. "ನನ್ನ ಮಗಳು ನೀಲಿ ಉಟ್ಟು ಕುಂತಳು. ಬೀಗತಿ ಏನಂದಳು ಗೊತ್ತೇನ್ರಿ? ಯಾಕ್ರಿ, ಈ ವರ್ಷ ನಿಮ್ಮೂರಾಗ ಹಸರ ಬೆಳದಿಲ್ಲೇನು ಅಂದಳು."

ಸುತ್ತಲಿದ್ದವರು ನಕ್ಕರು. ಮಾವ ಆ ಸೀರೆಯನ್ನು ತಿರುವಿ ತಿರುವಿ ನೋಡಿದರು. ಒಳ್ಳೆಯ ಹಸಿರೊಂದನ್ನು ತೆಗೆದು, ಪಕ್ಕದ ಮೆಣಸಿನಕಾಯಿಯವಳಿಗೆ ತೋರಿಸಿ "ಇದು ಹಸರ ಹೌದಲ್ಲವಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡು ಆಕೆಗೆ ಕೊಟ್ಟರು. "ತಪ್ಪಾತು ಯವ್ವಾ. ನನ್ನ ಕಣ್ಣ ಮೋಸ ಮಾಡಿದುವು."

ಆಕೆ ಮೆತ್ತಗಾದಳು. "ಗಜ್ಜರಿ ತಿನ್ರಿ ಸಾವಕಾರ್ರ. ಕಣ್ಣಿಗೆ ಚಲೋ."

ನಾನು ಅಲ್ಲೇ, ಸೀರೆ ಮಡಚುತ್ತ ನಿಂತಿದ್ದೆ.

ಅಕ್ಕ ಮರುದಿನದಿಂದ ಗಜ್ಜರಿ, ಅಂದರೆ ಕ್ಯಾರೆಟ್ಟು, ಶುರು ಮಾಡಿದಳು. ಗಜ್ಜರಿ ಪಲ್ಯ, ಗಜ್ಜರಿ ಪಚಡಿ, ಸಾರಿನಲ್ಲಿ ಗಜ್ಜರಿ, ರೊಟ್ಟಿಯ ಪಕ್ಕ ಹಸಿ ಗಜ್ಜರಿ. ನಾನು ಆಗ ಅಕ್ಕನ ಮನೆಯಲ್ಲೇ ಉಣ್ಣುತ್ತಿದ್ದೆ. ಚಿಕ್ಕಂದಿನಿಂದ ನನಗೆ ಅದು ಸೇರುವುದಿಲ್ಲ. ಆದರೂ ನುಂಗಿದೆ, ಎರಡನೇ ಸಲ ಬಡಿಸಿದಾಗಲೂ ನುಂಗಿದೆ. ಮುಂದಿನ ಸಂತೆಗೆ ಮುಂಚೆ ಕದ್ದು ಕಾಗದ ತೆಗೆದು ಚರಂಡಿಗೆ ಎಸೆದೆ. ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ.

ಆ ಸಂಜೆ ಮಾವ ದೀಪ ನೋಡಿ ಮಗುವಿನಂತೆ ಹಿಗ್ಗಿದರು. "ಬೆಳ್ಳಗ ಕಾಣಾಕ್ಹತ್ತೈತಿ ನೋಡೋ ಈರಣ್ಣಾ. ಗಜ್ಜರಿ ಕೆಲಸ ಮಾಡೇತಿ." ಅಂದಿನಿಂದ ಸೀರೆಗೆ ಬಂದವರಿಗೆಲ್ಲ ಗಜ್ಜರಿಯ ಮಹಿಮೆ ಹೇಳತೊಡಗಿದರು. ಕೆಲವರು ಗಾಡಿ ತರಕಾರಿಯದೇನೋ ಎಂದು ಇಣುಕಿ ಹೋದದ್ದುಂಟು. ನಾನೂ ನಗುತ್ತಿದ್ದೆ. ಆದರೆ ಒಂದು ಹೊಸ ರೂಢಿ ಬಂದಿತ್ತು. ಹೊತ್ತು ಮುಳುಗಿದ ಮೇಲೆ ಯಾವ ಸೀರೆ ಕೊಡುವ ಮುಂಚೆಯೂ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಇದು ಕೆಂಪ ಹೌದಲ್ಲೋ?" "ಇದು ಹಸರಲ್ಲೋ?" ನಾನು ಹೌದ್ರಿ ಅನ್ನಬೇಕು, ಆಮೇಲೆ ಅವರು ಕಟ್ಟಬೇಕು. ಗಾಡಿ ಮಾರುವವರೆಗೂ ಹಾಗೇ ನಡೆಯಿತು. ಯಾರನ್ನೂ ಕೇಳದ ಮನುಷ್ಯ, ಕೇಳಿದ್ದು ನನ್ನನ್ನು.

ಇಷ್ಟು ವರ್ಷ ಬಾಯಿ ಬಿಡದವನು ಈಗ ಯಾಕೆ ಬಿಟ್ಟೆ? ಈ ವರ್ಷ ಮಾವನ ಕಣ್ಣಿಗೆ ನಿಜವಾಗಿಯೂ ಪೊರೆ ಬಂದಿದೆ. ಡಾಕ್ಟರು ಆಪರೇಷನ್ ಅಂದಿದ್ದಾರೆ, ತಡ ಮಾಡಿದರೆ ಕಷ್ಟ ಅಂದಿದ್ದಾರೆ. ಮಾವ ಗಜ್ಜರಿ ತರಿಸಿದ್ದಾರೆ. "ಆಗಿಂದು ಇದರಿಂದನ ಹೋಗಲಿಲ್ಲೇನು? ಬೇಕಾದ್ರ ಈರಣ್ಣನ್ನ ಕೇಳ್ರಿ." ಅಕ್ಕ ನನ್ನ ಮುಖ ನೋಡಿದಳು. ಆ ದಿನ ನಾನು—ಬರೆಯಲು ಕೈ ಬರುತ್ತಿಲ್ಲ—ಆ ದಿನವೂ ಸುಮ್ಮನಿದ್ದು ಎದ್ದು ಬಂದೆ.

ಮೊನ್ನೆ ಹೋಗಿ ಹೇಳಿದೆ. ಕಾಗದ, ಚಹಾದ ಹೊತ್ತು, ಚರಂಡಿ, ಎಲ್ಲ. ಬೈಯುತ್ತಾರೆ ಅಂದುಕೊಂಡು ಕೂತಿದ್ದೆ. ಅವರು ನೆಟ್ಟಗೆ ಎದ್ದು ಕೂತರು.

"ಹಂಗಾದ್ರ ಅವತ್ತ ಬೆಳಕು ಹಳದೀನ ಇತ್ತು," ಅಂದರು. ಮುಖ ಅರಳಿತ್ತು. ಒಳಗಿದ್ದ ಅಕ್ಕನಿಗೆ ಕೇಳುವಂತೆ, "ಏ, ಕೇಳಿದೇನ? ಹಳದೀನ ಇತ್ತಂತ. ನನಗ ಸರಿಯಾಗೇ ಕಂಡಿತ್ತು."

ನಾನು ತಲೆ ಎತ್ತಲಿಲ್ಲ. ಬೈದಿದ್ದರೆ ಎತ್ತುತ್ತಿದ್ದೆನೇನೋ.

ಆಮೇಲೆ ಅವರು ಕೇಳಿದರು, "ಯಾಕ ಹಾಕಿದ್ದಿ?" ಹುಳದ ಮಾತು ನಾಲಿಗೆಯ ತುದಿಯಲ್ಲಿತ್ತು. "ಜರಿ ಚಲೋ ಕಾಣತಿತ್ರಿ ಮಾವಾರ," ಅಂದೆ.

"ಒಬ್ಬಾಕಿ ತಿರುಗಿ ಬಂದಳು. ಮನಿಗೆ ಹೋಗಿ ಸೀರಿ ಬಿಚ್ಚಿ ಬಾಯಿ ಮುಚ್ಚಿಕೊಂಡು ಕುಂತವರಿಗೆ ಯಾರು ಹೇಳತಾರ?"

ಅದಕ್ಕೇ ಇದನ್ನು ಬರೆದೆ. ಆ ಮಳೆಗಾಲದಲ್ಲಿ ನಮ್ಮ ಗಾಡಿಯಿಂದ ಸೀರೆ ಒಯ್ದ ತಾಯಂದಿರೇ, ತಪ್ಪು ಮಾವನ ಕಣ್ಣಿನದಲ್ಲ, ನನ್ನದು.

ಮಾವ ಆಪರೇಷನ್ನಿಗೆ ಒಪ್ಪಿದ್ದಾರೆ. ಜೊತೆಗೆ ಬರುತ್ತೇನೆ ಅಂದದ್ದಕ್ಕೆ, "ಇವ ಬ್ಯಾಡ, ಬ್ಯಾರೆ ಯಾರನ್ನರ ಕರಕೊಂಡು ಹೋಗೂಣು," ಎಂದು ಅಕ್ಕನಿಗೆ ಹೇಳಿದರು. ನಗುತ್ತ ಹೇಳಿದರೋ ಇಲ್ಲವೋ, ನನಗೆ ತಿಳಿಯಲಿಲ್ಲ. ನಾನಂತೂ ಹೋಗುತ್ತೇನೆ. ಆಸ್ಪತ್ರೆಯ ಹೊರಗಿನ ಬಾಕಿನ ಮೇಲೆ ಕೂರುತ್ತೇನೆ. ಕರೆದರೆ ಒಳಗೆ, ಕರೆಯದಿದ್ದರೆ ಅಲ್ಲೇ.