ನಾಲ್ಕನೆಯ ಅಂಚು

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾವೇರಿಯಲ್ಲಿ ಅಪ್ಪನದು ಟೇಲರ್ ಅಂಗಡಿ. ಬೆಳಿಗ್ಗೆ ಕಾಲೇಜು, ಸಂಜೆ ಅಂಗಡಿಯಲ್ಲಿ ಪ್ಯಾಂಟಿನ ಕಾಲಿಗೆ ಹೆಮ್ಮಿಂಗು, ಅಂಗಿಗೆ ಗುಂಡಿ, ಹೀಗೇ ಬಿ.ಎಸ್ಸಿ. ಮುಗಿಸಿದೆ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕ ದಿನ, ಇನ್ನು ಸೂಜಿ ಮುಟ್ಟುವುದಿಲ್ಲ ಅಂದುಕೊಂಡಿದ್ದೆ.

ಹೆಂಡತಿ ಚೊಚ್ಚಲ ಹೆರಿಗೆಗೆ ಬ್ಯಾಡಗಿಯ ತವರಿಗೆ ಹೋದವಳು ಕೂಸಿಗೆಂದು ಸಣ್ಣ ಕೌದಿ ಹೊಲಿದಳು. ಉಟ್ಟು ಉಟ್ಟು ಮೆತ್ತಗಾದ ಹಳೆಯ ಸೀರೆಗಳ ಪದರ, ಅಂಚಿಗೆ ಹಸಿರು ಪಟ್ಟಿ. ಅವಳ ತವರಿನಲ್ಲಿ ಒಂದು ರೂಢಿಯಿದೆ. ಕೂಸಿನ ಕೌದಿಗೆ ಮೂರು ಬದಿಗೆ ಮಾತ್ರ ಪಟ್ಟಿ ಹಚ್ಚುತ್ತಾರೆ. ನಾಲ್ಕನೆಯದನ್ನು ಕೂಸು ತೊಟ್ಟಿಲಿಗೆ ಬರುವ ದಿನಕ್ಕೆ ಬಿಡುತ್ತಾರೆ. ಉಳಿದ ಪಟ್ಟಿಯನ್ನು ಸುರುಳಿ ಸುತ್ತಿ ಮೂಲೆಗೆ ಪಿನ್ನು ಚುಚ್ಚಿಟ್ಟಿದ್ದಳು.

ಕೂಸು ಹಾವೇರಿಯ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು. ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಚಹಾ ಕುಡಿದೆ. ಸಕ್ಕರೆ ಕಡಿಮೆಯಾಗಿತ್ತು, ಹೇಳಿ ಹಾಕಿಸಿಕೊಂಡೆ. ಆ ದಿನದ್ದು ನನಗೆ ಸರಿಯಾಗಿ ನೆನಪಿರುವುದು ಇಷ್ಟೇ.

ಹೆಂಡತಿ ತವರಿನಿಂದ ತಿರುಗಿ ಬಂದಾಗ ಚೀಲದಲ್ಲಿ ಕೌದಿಯೂ ಬಂತು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಚೀಲ ಬಿಚ್ಚಿದ ಕೂಡಲೇ ನೋಡಿದಳು.

“ಇದನ್ಯಾಕ ತಂದ್ಯವಾ? ಮುಂದ ಮತ್ತ ಹಡಿಯಾಕಿ ನೀ. ಇಂಥಾದು ಮನ್ಯಾಗ ಇರಬಾರದು. ಮಂದಿ ನೋಡಿದ್ರ ಏನಂದಾರು?” ಎಂದು ಅವಳಿಗೆ ಹೇಳಿ ನನ್ನ ಕಡೆ ತಿರುಗಿದಳು. “ಕುಮಾರಪಟ್ಟಣದ ಕಡೆ ಹೋದಾಗ ಹೊಳಿಗೆ ಬಿಟ್ಟು ಬಾರೋ ತಮ್ಮಾ.”

“ಬಿಡಂಗಿಲ್ರಿ ಅತ್ತಿ,” ಅಂದಳು ಹೆಂಡತಿ.

“ಅರ್ಧಾ ಹೊಲದದ್ದು ಇಟಗೊಂಡು ಏನ್ಮಾಡ್ತಿ?”

“ಪೂರಾ ಮಾಡ್ತೇನಿ.”

ಆದರೆ ಅವಳ ಕೈಲಿ ಆಗಲಿಲ್ಲ. ಸೂಜಿಗೆ ದಾರ ಪೋಣಿಸಿ ಕೂರುತ್ತಿದ್ದಳು, ಕೌದಿ ತೊಡೆಯ ಮೇಲೆ ಹಾಗೇ ಇರುತ್ತಿತ್ತು. ಅವ್ವ ದಿನಾ ನನ್ನನ್ನು ಕೇಳುವಳು, “ಇವತ್ತರ ಹೋಗ್ತಿಯೇನೋ?” ನಾನು ನಾಳೆ ಅನ್ನುತ್ತಿದ್ದೆ. ಇಬ್ಬರಲ್ಲಿ ಯಾರ ಮಾತು ಖರೇ ಅಂತಲೂ ಯೋಚಿಸುತ್ತಿರಲಿಲ್ಲ. ಶಾಲೆಗೆ ಹೋಗುತ್ತಿದ್ದೆ, ಪಾಠ ಹೇಳುತ್ತಿದ್ದೆ, ಬಂದು ಉಣ್ಣುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿ ಕೌದಿ ತಂದು ನನ್ನ ಮುಂದಿಟ್ಟಳು. “ನನ್ನ ಕಡಿಂದ ಆಗವಲ್ದು. ನೀವ ಹಚ್ರಿ. ಇಲ್ಲಾ ಹೊಳಿಗೆ ಒಯ್ರಿ. ಎರಡರಾಗ ಒಂದು ಮಾಡ್ರಿ.”

ಹೊಳೆಯ ತನಕ ಹೋಗುವ ತ್ರಾಣ ಇರಲಿಲ್ಲ. ಸೂಜಿ ತಗೊಂಡೆ. ಆಗ ಕಾರಣ ಇದ್ದದ್ದು ಅಷ್ಟೇ.

ಕೈಗೆ ಕೆಲಸ ಮರೆತಿರಲಿಲ್ಲ. ಮೂರನೆಯ ಬದಿಯಲ್ಲಿ ಮೂಲೆ ಇನ್ನೂ ಒಂದು ಬೆರಳಷ್ಟು ಇದೆ ಅನ್ನುವಾಗಲೇ ಹೆಂಡತಿಯ ಹೊಲಿಗೆ ನಿಂತಿತ್ತು. ಪಟ್ಟಿಯನ್ನು ಮೇಲಕ್ಕೆ ಓರೆಯಾಗಿ ಮಡಚಿ, ಮತ್ತೆ ಕೆಳಗಿಳಿಸಿ, ಹೊಸ ಬದಿಗೆ ಸರಿಯಾಗಿ ಕೂರಿಸಿದೆ. ಹೀಗೆ ಮಾಡಿದರೆ ಮೂಲೆ ಗಂಟಾಗದೆ ಚೂಪಾಗಿ ಬರುತ್ತದೆ. ಪಟ್ಟಿಯ ಒಳ್ಳೆಯ ಮೈ ಕೌದಿಯ ಕಡೆ, ಕತ್ತರಿಸಿದ ಅಂಚಿಗೆ ಕತ್ತರಿಸಿದ ಅಂಚು. ಮೊದಲು ದೂರದೂರ ಕಚ್ಚಾ ಹೊಲಿಗೆ, ಅದರ ಮೇಲೆ ಗಟ್ಟಿ ಹೊಲಿಗೆ.

ಅರ್ಧಕ್ಕೆ ಬಂದಾಗ ನೋಡಿದರೆ ಆ ಬದಿ ನಿರಿಗೆಗಟ್ಟಿ ಮೇಲೆದ್ದಿತ್ತು.

“ಎಳೀಬ್ಯಾಡ್ರೀ, ಪಟ್ಟಿ ಸಡಲ ಬಿಡ್ರಿ. ಪ್ಯಾಂಟಲ್ಲದು, ಕೂಸಿನ ಕೌದಿ,” ಅಂದಳು ಹೆಂಡತಿ. ಹೆರಿಗೆಯಾದಾಗಿನಿಂದ ಕೂಸು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅವಳೇ ಬಂದು ಹತ್ತಿರ ಕುಳಿತಳು. ನಾನು ಬಿಚ್ಚಿದೆ, ಅವಳು ಕೌದಿಯನ್ನು ನೆಲಕ್ಕೆ ಹರವಿ ಅಂಗೈಯಿಂದ ಒತ್ತಿ ಹಿಡಿದಳು.

ಅಡುಗೆಮನೆಯಿಂದ ಅವ್ವ ಇಣುಕಿದಳು. “ಮಾಸ್ತರಾಗಿ ಮತ್ತ ಸೂಜಿ ಹಿಡದ್ಯಾ? ನಿಮ್ಮಪ್ಪ ನೋಡಿದ್ರ ಪಗಾರ ಕೊಡತಿದ್ದ.”

ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ಆದರೆ ಹೊಳೆಯ ಮಾತನ್ನೂ ಎತ್ತಲಿಲ್ಲ.

ಪಟ್ಟಿಯನ್ನು ಹಿಂದಕ್ಕೆ ತಿರುವಿ, ಕತ್ತರಿಸಿದ ಅಂಚನ್ನು ಒಳಗೆ ಮಡಚಿ ಹೆಮ್ಮಿಂಗು ಮಾಡಿದೆ. ಪಟ್ಟಿ ಶುರುವಾದ ಮೂಲೆಗೆ ಬಂದು ಅದರ ಕೊನೆಯನ್ನು ಒಳಗೆ ಸೇರಿಸಿ, ದಾರ ಗಂಟು ಹಾಕಿ ಕಡಿದೆ. ಹೆಂಡತಿ ನಾಲ್ಕೂ ಬದಿ ಬೆರಳಾಡಿಸಿ ನೋಡಿದಳು. ಆಗ ಏನಾದರೂ ಅನ್ನಿಸಬೇಕಿತ್ತು. ಬೆರಳು ನೋಯುತ್ತಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಹೆಂಡತಿ ಅದನ್ನು ಒಗೆದು, ಹಿತ್ತಲು ಬಿಟ್ಟು, ಅಂಗಳದ ತಂತಿಗೆ ಹಾಕಿದಳು. ಓಣಿಯವರೆಲ್ಲರ ಕಣ್ಣಿಗೆ ಬೀಳುವ ಜಾಗ. ಅವ್ವ ಹೊಸ್ತಿಲಲ್ಲಿ ನಿಂತು ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ಓಣಿಯನ್ನು. ತೆಗೆಸಿಯೇ ಬಿಡುತ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ನೀರು ತುಂಬಲು ಹೊರಟ ಪಕ್ಕದ ಮನೆಯಾಕೆ ಕೊಡ ಹಿಡಿದು ನಿಂತಳು.

“ಚಲೋ ಐತಲ್ರೀ ಕೌದಿ. ಯಾರದ್ರೀ?”

ಹೆಂಡತಿ ಬಕೆಟ್ಟಿನ ಕಡೆ ಬಗ್ಗಿದವಳು ಏಳಲಿಲ್ಲ. ಅವ್ವ ಅಂಗಳಕ್ಕಿಳಿದಳು.

“ನಮ್ಮ ಮೊಮ್ಮಗಳದು,” ಅಂದಳು.

ಆಕೆ ತಲೆಯಾಡಿಸಿ ಹೋದಳು. ಅವ್ವ ಕೌದಿಯ ಇನ್ನೊಂದು ಮೈ ಬಿಸಿಲಿಗೆ ತಿರುವಿ ಹಾಕಿ, ಅಂಚಿನಿಂದ ಇಳಿಯುತ್ತಿದ್ದ ನೀರನ್ನು ಹಿಂಡುತ್ತ ಹೋದಳು. ನನಗೆ ಶಾಲೆಗೆ ಹೊತ್ತಾಗಿತ್ತು. ಆದರೂ ಸೈಕಲ್ಲು ತೆಗೆಯದೆ ನಡೆದೇ ಹೊರಟೆ.